ಇಗರ್ಜಿ ಎಂದರೆ ಸಭೆ

ಪ್ರತಿ ಜನವರಿಯಲ್ಲಿ ಕಾರ್ಕಳ ಅತ್ತೂರಿನ ಸಾಂತ್‌ಮಾರಿ ಜಾತ್ರೆಗೆ ನಮ್ಮ ಕಡೆಯಿಂದ ಹೋಗುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಮೇಣದಬತ್ತಿ ಹಚ್ಚಿ, ಕೈಮುಗಿದು, ಸಂತೆ ಸುತ್ತಿ ಬರುತ್ತೇವೆ. ಆ ಕಟ್ಟಡ ಹಾಗೇಕಿದೆ ಎಂದು ಕೇಳುವವರು ಕಡಿಮೆ. ಇತಿಹಾಸದ ವಿದ್ಯಾರ್ಥಿಗಾದರೋ ಕಟ್ಟಡವೂ ಒಂದು ಶಾಸನವೇ.

ನಮ್ಮ ದೇವಸ್ಥಾನಗಳಲ್ಲಿ ಗರ್ಭಗುಡಿ ಚಿಕ್ಕದು. ಅದರೊಳಗೆ ಅರ್ಚಕರು ಮಾತ್ರ. ಭಕ್ತರು ಹೊರಗೆ ನಿಂತು ದರ್ಶನ ಪಡೆಯುತ್ತಾರೆ. ಪ್ರಾಚೀನ ರೋಮಿನ ಗುಡಿಗಳೂ ಹೀಗೆಯೇ ದೇವರ ಮನೆಗಳು. ಜನ ಸೇರುತ್ತಿದ್ದುದು ಹೊರಗೆ. ಮೊದಲ ಕ್ರೈಸ್ತರು ಮನೆಗಳಲ್ಲಿ ಕೂಡಿ, ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದರು. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಆರಾಧನೆಯ ಸ್ವಾತಂತ್ರ್ಯ ದೊರೆತಾಗ ಅವರಿಗೆ ಎಲ್ಲರೂ ಒಳಗೇ ಸೇರುವಂಥ ಜಾಗ ಬೇಕಿತ್ತು. ಆದ್ದರಿಂದ ಗುಡಿಯ ಮಾದರಿಯನ್ನು ಬಿಟ್ಟು, ನ್ಯಾಯ ವಿಚಾರಣೆ ನಡೆಯುತ್ತಿದ್ದ ಉದ್ದನೆಯ ಸಭಾಂಗಣದ ಮಾದರಿಯನ್ನು ತೆಗೆದುಕೊಂಡರು. ಅದರ ಹೆಸರು ಬಸಿಲಿಕ. 2016ರಲ್ಲಿ ಅತ್ತೂರಿಗೆ ದೊರೆತ ‘ಕಿರಿಯ ಬಸಿಲಿಕ’ ಎಂಬ ಗೌರವದಲ್ಲಿ ಆ ಹಳೆಯ ಹೆಸರು ಉಳಿದಿದೆ. ನಾವು ಬಳಸುವ ‘ಇಗರ್ಜಿ’ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು. ಅದರ ಗ್ರೀಕ್ ಮೂಲದ ಅರ್ಥ ‘ಸಭೆ’.

ಈ ಅರ್ಥವನ್ನು ನಮ್ಮ ಕರಾವಳಿ ಕಷ್ಟದಲ್ಲಿ ಕಂಡಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಇಲ್ಲಿನ ಕೆಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. 1759ರಲ್ಲಿ ಆರಂಭವಾಗಿದ್ದ ಅತ್ತೂರಿನ ಇಗರ್ಜಿಯೂ ಸೇರಿ ಅನೇಕ ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಬದುಕಿ ಮರಳಿದವರು ಮತ್ತೆ ಕಟ್ಟಿದರು. ಗೋಡೆಗಳಿಲ್ಲದ ಆ ವರ್ಷಗಳಲ್ಲಿಯೂ ಸಭೆ ಇತ್ತು.

ಒಳಗಿನ ಏರ್ಪಾಡೂ ನಂಬಿಕೆಯನ್ನೇ ಹೇಳುತ್ತದೆ. ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನೇ ಇರುತ್ತಾನೆಂದು ನಂಬುವ ಕೆಥೋಲಿಕರ ಇಗರ್ಜಿಯಲ್ಲಿ ಕಣ್ಣು ಮೊದಲು ಹೋಗುವುದು ಬಲಿಪೀಠದ ಕಡೆಗೆ. ಚಿತ್ರ, ಪ್ರತಿಮೆಗಳೂ ಅಲ್ಲಿ ಬೋಧಕರೇ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಆಂಟೋನಿಯೊ ಮೊಶೇನಿ ಬಿಡಿಸಿದ ವರ್ಣಚಿತ್ರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಿಗೆ ದೇವರ ವಾಕ್ಯವೇ ಮುಖ್ಯ. ಆದ್ದರಿಂದ ಆ ಪರಂಪರೆಯ ದೇವಾಲಯಗಳಲ್ಲಿ ಗೋಡೆಗಳು ಸರಳ; ಪ್ರಸಂಗಪೀಠಕ್ಕೆ ಹಿರಿಯ ಸ್ಥಾನ.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕೆಥೋಲಿಕ್ ಇಗರ್ಜಿಗಳೂ ಬದಲಾದವು. ಗೋಡೆಯ ಕಡೆಗೆ ಮುಖಮಾಡಿ ಲತೀನಿನಲ್ಲಿ ಪೂಜೆ ಅರ್ಪಿಸುತ್ತಿದ್ದ ಧರ್ಮಗುರುಗಳು ಜನರತ್ತ ತಿರುಗಿ, ಕೊಂಕಣಿ, ಕನ್ನಡಗಳಲ್ಲಿ ಪ್ರಾರ್ಥಿಸತೊಡಗಿದರು. ಬಲಿಪೀಠ ಗೋಡೆ ಬಿಟ್ಟು ಕೆಲವೇ ಅಡಿ ಮುಂದೆ ಬಂತು. ಇಡೀ ಸಭೆ ಅದರ ಸುತ್ತ ಬಂದಂತಾಯಿತು.

ಇಂದು ಊರೂರಲ್ಲಿ ಗುಡಿ, ಇಗರ್ಜಿ, ಮಸೀದಿಗಳ ಜೀರ್ಣೋದ್ಧಾರ ನಡೆಯುತ್ತಿದೆ. ಅದು ಬೇಕಾದದ್ದೇ. ಆದರೆ ಹಳೆಯ ಬಾಗಿಲು, ಕಂಬ, ಪೀಠಗಳನ್ನು ಕೀಳುವ ಮೊದಲು ಅವು ಅಲ್ಲೇಕೆ ಇದ್ದವೆಂದು ಹಿರಿಯರನ್ನು ಕೇಳಿ, ಅಳತೆ ತೆಗೆದು, ಬರೆದಿಡಬೇಕು. ನಮ್ಮ ಶಾಲೆಯ ಮಕ್ಕಳು ಈ ಕೆಲಸಕ್ಕೆ ಕೈಹಾಕಿದರೆ ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಕಾಣಿಕೆ ಬೇರಿಲ್ಲ.