ಬಿಜಾಪುರದ ಕೊಳವೆಯಿಂದ ಬ್ಯಾಟರಿಯ ಪಾಡ್‌ವರೆಗೆ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಹೊರಟು, ಪೋರ್ಚುಗೀಸರ ಹಡಗುಗಳನ್ನೇರಿ ನಮ್ಮ ಪಶ್ಚಿಮ ಕರಾವಳಿಗೆ ಇಳಿದು, ಘಟ್ಟ ಹತ್ತಿ ಬಿಜಾಪುರದ ಪೇಟೆಯನ್ನು ಸೇರಿದ್ದು. ಉತ್ತರದ ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ಕೂಡ ಈ ಕನ್ನಡನಾಡಿನ ಊರಿನಿಂದಲೇ. ಇದು ಹೆಮ್ಮೆಪಡಬೇಕಾದ ಸಂಗತಿಯೋ ಅಲ್ಲವೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಅಕ್ಬರನ ಆಸ್ಥಾನಿಕನಾದ ಅಸದ್ ಬೇಗ್ ಎಂಬಾತ ಬಿಜಾಪುರಕ್ಕೆ ಬಂದದ್ದು ಮದುವೆಯೊಂದರ ಕೆಲಸಕ್ಕೆ. ಇಬ್ರಾಹಿಂ ಆದಿಲಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವ ಮಾತು ನಡೆದಿತ್ತು. ಕೆಲಸ ಮುಗಿಸಿ ಹಿಂತಿರುಗುವಾಗ ಅವನು ಉತ್ತರದಲ್ಲಿ ಎಂದೂ ಕಾಣದಿದ್ದ ಒಂದು ವಸ್ತುವನ್ನು ಜೊತೆಗೊಯ್ದ. ಅದೇ ಹೊಗೆಸೊಪ್ಪು. ಬರಿಯ ಸೊಪ್ಪನ್ನು ಚಕ್ರವರ್ತಿಯ ಮುಂದಿಡುವುದು ಹೇಗೆ? ಸುಮಾತ್ರಾ ದ್ವೀಪದ ಅಚೆಯಿಂದ ಬಂದ ಮೂರು ಮೊಳ ಉದ್ದದ ಕೊಳವೆಗೆ ಎರಡೂ ತುದಿಯಲ್ಲಿ ರತ್ನ ಕೂರಿಸಿದ. ಬಾಯಿಗಿಡುವ ತುದಿಗೆ ಯಮನ್ ದೇಶದ ಕೆಂಪು ಅಕೀಕು ಕಲ್ಲು, ಸೊಪ್ಪನ್ನು ಉರಿಸಲು ಚಿನ್ನದ ಬಟ್ಟಲು. ಇಷ್ಟನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು 1604-05ರ ಸುಮಾರಿಗೆ ಆಗ್ರಾದಲ್ಲಿ ಅಕ್ಬರನಿಗೆ ಒಪ್ಪಿಸಿದ.

ಮುಂದೆ ನಡೆದದ್ದನ್ನು ಅಸದ್ ಬೇಗ್ ತನ್ನ ನೆನಪುಗಳಲ್ಲಿ ಸವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮನಿಗೆ ಗಾಬರಿ. ಸಾಕು ಎಂದು ತಡೆದ. ಔಷಧಿ ಮಾರುವವನನ್ನು ಕರೆಸಿ ಕೇಳಿದರೆ, ತನ್ನ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ, ಆದರೆ ಯೂರೋಪಿನ ವೈದ್ಯರು ಬಹಳ ಹೊಗಳಿ ಬರೆದಿದ್ದಾರೆ ಎಂದ. ಹಕೀಮನ ವಾದ ಸರಳವಾಗಿತ್ತು: ಪರೀಕ್ಷೆಗೆ ಒಳಪಡದ ವಸ್ತು ಇದು, ಇದರ ಗುಣದೋಷ ನಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಚಕ್ರವರ್ತಿ ಸೇವಿಸುವುದು ಸಲ್ಲದು. ಅಸದ್ ಬೇಗ್ ಬಿಡಲಿಲ್ಲ. ಫರಂಗಿಯವರೇನು ದಡ್ಡರೇ, ಲೋಕದ ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿರಲಿಲ್ಲವೇ ಎಂದು ಮರುವಾದ ಹೂಡಿದ. ಅಕ್ಬರನಿಗೆ ಅಸದನ ಮಾತು ಮೆಚ್ಚಿಗೆಯಾಯಿತು. ನಮ್ಮ ಪುಸ್ತಕದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಹೊಸದನ್ನು ತಳ್ಳಿದರೆ ಏಳಿಗೆ ಹೇಗೆ ಎಂಬುದು ಅವನ ಅಭಿಪ್ರಾಯ. ಆದರೆ ಮಾತಿನಲ್ಲಿ ಗೆದ್ದವನು ಅಸದನಾದರೂ, ಅಕ್ಬರ್ ಮಾತ್ರ ಆ ಚಟವನ್ನು ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವರು ಸರದಾರರು. ಒಬ್ಬೊಬ್ಬರಾಗಿ ಹೇಳಿಕಳುಹಿಸಿ ತರಿಸಿಕೊಂಡರು, ವರ್ತಕರು ಮಾರಾಟಕ್ಕಿಳಿದರು, ಅಭ್ಯಾಸ ಬಹುಬೇಗ ಹಬ್ಬಿತು.

ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ಹೊಗೆಸೊಪ್ಪನ್ನು ಖಂಡಿಸಿ ತಾನೇ ಒಂದು ಕಿರುಹೊತ್ತಗೆ ಬರೆದು ಪ್ರಕಟಿಸಿದ್ದೂ 1604ರಲ್ಲೇ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ಹೊಗೆಸೊಪ್ಪಿನ ಸೇವನೆಗೆ ನಿಷೇಧ ಹೇರಿದ. ಇರಾನಿನ ಷಾ ಅಬ್ಬಾಸನೂ ನಿಷೇಧಿಸಿದ್ದ. ತಮಾಷೆಯೆಂದರೆ, ಜಹಾಂಗೀರನ ರಾಯಭಾರಿಯಾಗಿ ಇರಾನಿಗೆ ಹೋದ ಖಾನ್ ಆಲಂ ಗಳಿಗೆಯೂ ಹೊಗೆಯಿಲ್ಲದೆ ಇರಲಾರದವನು; ಅವನೊಬ್ಬನಿಗೆ ಷಾ ವಿನಾಯಿತಿ ಕೊಡಬೇಕಾಯಿತು. ನಿಷೇಧ ಮತ್ತು ವಿನಾಯಿತಿಗಳು ಒಂದೇ ಕಾಲಕ್ಕೆ ಹುಟ್ಟಿದವು ಎನ್ನಬಹುದು.

ಇಷ್ಟು ಹಳೆಯ ಕಥೆಯನ್ನು ಹೇಳಲು ಕಾರಣವಿದೆ. ದುಬೈಯಿಂದಲೋ ಲಂಡನ್ನಿನಿಂದಲೋ ರಜೆಗೆ ಬಂದ ಹುಡುಗರ ಜೇಬಿನಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರ ಈಗ ಕಾಣಸಿಗುತ್ತದೆ. ಮರುಪೂರಣದ ಪಾಡ್ ಎಂದು ಅದರ ಹೆಸರು, ಆಡುಮಾತಿನಲ್ಲಿ ವೇಪ್. ಸಿಗರೇಟು ಬಿಡಲಾಗದ ಅಪ್ಪನಿಗೋ ಚಿಕ್ಕಪ್ಪನಿಗೋ ಅದನ್ನು ತೋರಿಸಿ ‘ಇದು ಸೇದಿ, ಏನೂ ಆಗುವುದಿಲ್ಲ’ ಎನ್ನುತ್ತಾರೆ. ಆಗ್ರಾದ ದರ್ಬಾರಿನಲ್ಲಿ ಹಕೀಮನಿಗೂ ಅಸದನಿಗೂ ನಡೆದ ವಾದ ಮನೆಯ ಪಡಸಾಲೆಯಲ್ಲಿ ಮತ್ತೆ ಶುರುವಾಗುತ್ತದೆ. ದಿನಬಳಕೆಗೆ ಇದು ಆದೀತೇ?

ಸಲಕರಣೆಯನ್ನು ಬದಲಿಸಿದರೆ ಹೊಗೆಯ ದೋಷ ಕಳೆಯುತ್ತದೆ ಎಂಬ ನಂಬಿಕೆ ಹೊಸದಲ್ಲ. ಅಕ್ಬರನ ವೈದ್ಯ ಅಬುಲ್ ಫತಹ್ ಗೀಲಾನಿ ಹೊಗೆಯನ್ನು ನೀರಿನ ಮೂಲಕ ಹಾಯಿಸಿ ಶುದ್ಧಿಗೊಳಿಸುವ ಹುಕ್ಕಾವನ್ನು ಕಂಡುಹಿಡಿದನೆಂದು ಅನೇಕರು ಬರೆಯುತ್ತಾರೆ. ಆದರೆ ಗೀಲಾನಿ ತೀರಿಕೊಂಡದ್ದು 1589ರಲ್ಲಿ. ಅಸದ್ ಬೇಗ್ ಆಗ್ರಾಕ್ಕೆ ಸೊಪ್ಪು ತಂದದ್ದು ಅದಾದ ಹದಿನೈದು ವರ್ಷಕ್ಕೆ. ಕಥೆ ಕಾಲಕ್ಕೆ ಹೊಂದುವುದಿಲ್ಲ. ಹುಟ್ಟು ಯಾರದೇ ಇರಲಿ, ನೀರು ಹೊಗೆಯನ್ನು ತೊಳೆಯುತ್ತದೆಂಬ ನಂಬಿಕೆ ಮಾತ್ರ ನಾಲ್ಕು ನೂರು ವರ್ಷ ಬಾಳಿತು. ಗುಡಗುಡಿಯ ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಅಷ್ಟೆ. ತಣ್ಣಗಾದ ಹೊಗೆ ಗಂಟಲನ್ನು ಕೆರೆಯದು, ಆದ್ದರಿಂದ ಸೇದುವವನು ಇನ್ನೂ ಆಳಕ್ಕೆ ಎಳೆಯುತ್ತಾನೆ. ಇದ್ದಲಿನ ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡು ನೀರಿಗೆ ಬಗ್ಗುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾವನ್ನು ನಿಷೇಧಿಸಿದಾಗಲೂ, ಇದು ಸಿಗರೇಟಿನಂತಲ್ಲ ಎಂದು ವಾದಿಸುವವರಿಗೆ ಕೊರತೆಯಿರಲಿಲ್ಲ.

ಸಿಗರೇಟಿನ ಕಂಪನಿಗಳೂ ಇದೇ ದಾರಿ ಹಿಡಿದವು. 1950ರ ದಶಕದ ಆರಂಭದಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆಯೆಂದು ವೈದ್ಯರು ತೋರಿಸಿಕೊಟ್ಟಾಗ ಅಮೆರಿಕದಲ್ಲಿ ಕೆಂಟ್ ಎಂಬ ಸಿಗರೇಟು 1952ರಲ್ಲಿ ‘ಮೈಕ್ರೊನೈಟ್’ ಶೋಧಕದೊಡನೆ ಬಂತು. ಆರೋಗ್ಯ ಕಾಪಾಡುವುದೆಂದು ಸಾರಿದ ಆ ಶೋಧಕದಲ್ಲಿದ್ದದ್ದು ನೀಲಿ ಕಲ್ನಾರು! ಕ್ಯಾನ್ಸರ್ ತರುವ ಕಲ್ನಾರಿನಲ್ಲೇ ಅದು ಅತ್ಯಂತ ಕೆಟ್ಟದ್ದು. 1956ರವರೆಗೆ ಅದು ಹಾಗೆಯೇ ಮಾರಾಟವಾಯಿತು. ಆಮೇಲೆ ‘ಲೈಟ್’ ಸಿಗರೇಟುಗಳು ಬಂದವು. ಶೋಧಕದ ಸುತ್ತ ಸಣ್ಣ ತೂತುಗಳು. ಅಳೆಯುವ ಯಂತ್ರದಲ್ಲಿ ಟಾರು ಕಡಿಮೆ ಕಾಣುತ್ತಿತ್ತು. ಮನುಷ್ಯನೇನು ಯಂತ್ರವೇ? ತೂತುಗಳ ಮೇಲೆ ಬೆರಳಿಟ್ಟು, ಹೆಚ್ಚು ಬಲವಾಗಿ ಎಳೆದು, ತನಗೆ ಬೇಕಾದಷ್ಟು ನಿಕೋಟಿನನ್ನು ತಾನು ಪಡೆದೇ ತೀರಿದ.

ಹೊಗೆಯಿಲ್ಲದ ವಿದ್ಯುತ್ ಸಿಗರೇಟಿಗೆ ಪೆನ್ಸಿಲ್ವೇನಿಯಾದ ಹರ್ಬರ್ಟ್ ಗಿಲ್ಬರ್ಟ್ 1963ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ, 1965ರಲ್ಲಿ ಅದು ಸಿಕ್ಕಿತು ಕೂಡ. ನಿಕೋಟಿನ್ ಇಲ್ಲದ, ಬರಿಯ ರುಚಿಯ ಬಿಸಿ ಗಾಳಿಯ ಆ ಯಂತ್ರವನ್ನು ಯಾವ ಕಂಪನಿಯೂ ಮಾಡಲಿಲ್ಲ. ಈಗಿನ ರೂಪ ಬಂದದ್ದು ಚೀನಾದಿಂದ. ತಂದೆಯನ್ನು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕಳೆದುಕೊಂಡ, ತಾನೂ ವಿಪರೀತ ಸಿಗರೇಟು ಸೇದುತ್ತಿದ್ದ ಔಷಧತಜ್ಞ ಹೋನ್ ಲಿಕ್ 2003ರಲ್ಲಿ ಇದನ್ನು ರೂಪಿಸಿದ. 2004ರಲ್ಲಿ ‘ರೂಯಾನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆ ಹೆಸರಿಗೆ ‘ಹೊಗೆಯಂತೆ’ ಎಂದರ್ಥ. ಅಮೆರಿಕದ ಜೂಲ್ 2015ರಲ್ಲಿ ಪಾಡ್ ಎಂಬ ಸಣ್ಣ ಡಬ್ಬಿಯನ್ನು ಜನಪ್ರಿಯಗೊಳಿಸಿತು. ಮುಗಿದರೆ ಎಸೆದು ಹೊಸದನ್ನು ಕೊಳ್ಳಬೇಕಿತ್ತು. ಎಸೆಯದೆ ತುಂಬಿಕೊಳ್ಳುವ ಪಾಡ್ ಆಮೇಲಿನದು. ಚಿಲುಮೆಗೆ ಸೊಪ್ಪು ತುಂಬುವ ನಮ್ಮ ಅಜ್ಜಂದಿರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಒಳಗೇನಿದೆ? ಕೆಳಗೆ ಮೊಬೈಲ್ ಫೋನಿನಲ್ಲಿರುವಂಥ ಲಿಥಿಯಂ ಬ್ಯಾಟರಿ. ಮೇಲೆ ಪ್ಲಾಸ್ಟಿಕ್ಕಿನ ಡಬ್ಬಿ, ಅದರೊಳಗೆ ಲೋಹದ ಸುರುಳಿ, ಸುರುಳಿಗೆ ತಾಗಿದ ಹತ್ತಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಹತ್ತಿ ದ್ರವವನ್ನು ಹೀರುತ್ತದೆ, ಸುರುಳಿ ಕಾದು ಅದನ್ನು ಆವಿಯಂತೆ ಮೇಲೆಬ್ಬಿಸುತ್ತದೆ. ದ್ರವದಲ್ಲಿರುವುದು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್ ಮತ್ತು ಪರಿಮಳ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ಈ ಯಂತ್ರ ಸುಳ್ಳು ಮಾಡಿದೆ, ಮತ್ತು ಅದರ ನಿಜವಾದ ಗುಣವೂ ಅದೇ. ಸಿಗರೇಟು ಸೇದುವವರನ್ನು ಕೊಲ್ಲುವುದು ಮುಖ್ಯವಾಗಿ ಸೊಪ್ಪು ಉರಿದಾಗ ಹುಟ್ಟುವ ಟಾರು ಮತ್ತು ವಿಷಾನಿಲಗಳು. ಇಲ್ಲಿ ಉರಿಯಿಲ್ಲ, ಟಾರಿಲ್ಲ. ಈ ಮಟ್ಟಿಗೆ ಅಸದ್ ಬೇಗನ ಪಕ್ಷ ಗಟ್ಟಿ.

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಇದು ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರ ಎಂದಿತು. ಆ ಸಂಖ್ಯೆ ಲೋಕವನ್ನೆಲ್ಲ ಸುತ್ತಿತು. ಆದರೆ ಅದು ಅಳತೆಯಿಂದ ಬಂದದ್ದಲ್ಲ, ಕೆಲವು ತಜ್ಞರು ಕುಳಿತು ಕೊಟ್ಟ ಅಂದಾಜಿನಿಂದ ಬಂದದ್ದು. ಸಿಗರೇಟಿನ ಹಾನಿ ಪೂರ್ತಿ ಗೊತ್ತಾಗಲು ಎರಡು ಮೂರು ತಲೆಮಾರು ಬೇಕಾಯಿತು. ಹೋನ್ ಲಿಕ್‌ನ ಯಂತ್ರಕ್ಕೆ ಇನ್ನೂ ಕಾಲು ಶತಮಾನ ತುಂಬಿಲ್ಲ. ಹಕೀಮನ ಪ್ರಶ್ನೆ ಅಲ್ಲೇ ಉಳಿದಿದೆ.

ದಿನಬಳಕೆಯ ದೃಷ್ಟಿಯಿಂದ ನೋಡಿದರೆ ತೊಂದರೆಗಳು ಬೇರೆಯೇ. ಡಬ್ಬಿಯಲ್ಲಿ ದ್ರವ ಮುಗಿದದ್ದು ಗಮನಿಸದೆ ಎಳೆದರೆ ಒಣಗಿದ ಹತ್ತಿ ಸೀದು, ಗಂಟಲು ಸುಡುತ್ತದೆ. ಆಗ ಹುಟ್ಟುವುದರಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಸುರುಳಿ ಹಳತಾದಂತೆ ನಿಕ್ಕಲ್, ಕ್ರೋಮಿಯಂನಂಥ ಲೋಹಗಳ ಕಣಗಳು ಆವಿಗೆ ಸೇರುತ್ತವೆ, ಆದ್ದರಿಂದ ಆಗಾಗ ಬದಲಿಸಲೇಬೇಕು. ಪರಿಮಳದ ವಿಷಯ ಇನ್ನೂ ಸೂಕ್ಷ್ಮ. ತಿನ್ನಲು ಯೋಗ್ಯವಾದದ್ದು ಉಸಿರಾಡಲು ಯೋಗ್ಯವಾಗಬೇಕೆಂದಿಲ್ಲ. ಒಗ್ಗರಣೆಗೆ ಹಾಕಿದ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತುಂಬಿಸುವ ಬಾಟಲಿ ಮನೆಯಲ್ಲಿ ಮಕ್ಕಳ ಕೈಗೆ ಸಿಕ್ಕರಂತೂ ಅದು ನೇರ ವಿಷ. ಯೂರೋಪಿನ ನಿಯಮದಂತೆ ಡಬ್ಬಿ 2 ಮಿ.ಲೀ. ಮೀರುವಂತಿಲ್ಲ, ದ್ರವದ ಪ್ರತಿ ಮಿಲಿಲೀಟರಿನಲ್ಲಿ ನಿಕೋಟಿನ್ 20 ಮಿಲಿಗ್ರಾಂ ದಾಟುವಂತಿಲ್ಲ, ಬಾಟಲಿ 10 ಮಿ.ಲೀ.ಗಿಂತ ದೊಡ್ಡದಾಗುವಂತಿಲ್ಲ, ಮುಚ್ಚಳ ಮಕ್ಕಳಿಗೆ ತೆರೆಯಲು ಬರಕೂಡದು. ಒಮ್ಮೆ ಬಳಸಿ ಎಸೆಯುವ ವೇಪ್‌ಗಳನ್ನು ಬೆಲ್ಜಿಯಂ 2025ರ ಜನವರಿಯಲ್ಲಿ, ಬ್ರಿಟನ್ 2025ರ ಜೂನ್‌ನಲ್ಲಿ ನಿಲ್ಲಿಸಿದವು. ಬ್ಯಾಟರಿಗಳ ರಾಶಿ ಕಸದ ತೊಟ್ಟಿ ತುಂಬಿದ್ದು, ಮಕ್ಕಳ ಕೈಗೆ ಅಗ್ಗದಲ್ಲಿ ಸಿಗುತ್ತಿದ್ದುದು ಇದಕ್ಕೆ ಕಾರಣ. ಹೀಗಾಗಿ ಅಲ್ಲಿ ಈಗ ಉಳಿದದ್ದು ತುಂಬಿಕೊಳ್ಳುವ ಬಗೆ, ಇಲ್ಲವೇ ಡಬ್ಬಿ ಬದಲಿಸುವ ಬಗೆ.

ತುಂಬಿಕೊಳ್ಳಬಹುದೆಂಬ ಅನುಕೂಲವೇ ಅಪಾಯವೂ ಹೌದು. ಯಾರು ಏನನ್ನು ಬೇಕಾದರೂ ತುಂಬಬಹುದಲ್ಲ. ಅಮೆರಿಕದಲ್ಲಿ 2019ರಲ್ಲಿ ಇದ್ದಕ್ಕಿದ್ದಂತೆ ತರುಣರ ಶ್ವಾಸಕೋಶಗಳು ಕೆಟ್ಟು, 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿ, 68 ಜನ ಸತ್ತರು. ಹುಡುಕಿದಾಗ ಮುಖ್ಯ ಅಪರಾಧಿಯಾಗಿ ಸಿಕ್ಕಿದ್ದು, ಕಳ್ಳಸಂತೆಯ ಗಾಂಜಾ ಸತ್ವದ ದ್ರವಕ್ಕೆ ಮಂದ ಬರಲೆಂದು ಬೆರೆಸಿದ ವಿಟಮಿನ್ ಇ ಅಸಿಟೇಟ್. ಯಂತ್ರದ ತಪ್ಪಲ್ಲ, ಅದರೊಳಗಿನ ದ್ರವದ ತಪ್ಪು.

ಹಾಗಾದರೆ ಸಿಗರೇಟು ಬಿಡಿಸುತ್ತದೆಯೇ? ಇದಕ್ಕೆ ಒಳ್ಳೆಯ ಉತ್ತರವೊಂದಿದೆ. ಬ್ರಿಟನ್ನಿನಲ್ಲಿ ಸಿಗರೇಟು ಬಿಡಬೇಕೆಂದು ಬಂದ 886 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತುಂಬಿಕೊಳ್ಳುವ ಇ-ಸಿಗರೇಟು, ಇನ್ನೊಂದಕ್ಕೆ ನಿಕೋಟಿನ್ ಪಟ್ಟಿ, ಗಮ್ ಮುಂತಾದವನ್ನು ಕೊಟ್ಟರು. ಇಬ್ಬರಿಗೂ ವಾರವಾರ ಸಲಹೆಗಾರರ ನೆರವಿತ್ತು. ವರ್ಷದ ಕೊನೆಗೆ ಸಿಗರೇಟು ಬಿಟ್ಟವರು ಮೊದಲ ಗುಂಪಿನಲ್ಲಿ ಶೇ. 18, ಎರಡನೆಯದರಲ್ಲಿ ಶೇ. 9.9. ಸುಮಾರು ಇಮ್ಮಡಿ. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಸಾಲನ್ನು ಮಾರುವವರು ಹೇಳುವುದಿಲ್ಲ: ಇ-ಸಿಗರೇಟಿನಿಂದ ಸಿಗರೇಟು ಬಿಟ್ಟವರಲ್ಲಿ ಶೇ. 80ರಷ್ಟು ಮಂದಿ ವರ್ಷದ ಕೊನೆಗೂ ಆ ಯಂತ್ರವನ್ನೇ ಸೇದುತ್ತಿದ್ದರು. ಇನ್ನೊಂದು ಗುಂಪಿನಲ್ಲಿ ಪಟ್ಟಿ, ಗಮ್ಮುಗಳಿಗೆ ಅಂಟಿಕೊಂಡವರು ಶೇ. 9 ಮಾತ್ರ. ಸಿಗರೇಟಿನಿಂದ ಹೊರಬರಲು ಇದು ಬಾಗಿಲು, ನಿಜ. ಆದರೆ ಹೆಚ್ಚಿನವರು ಹೊಸ್ತಿಲ ಮೇಲೆಯೇ ಕುಳಿತುಬಿಡುತ್ತಾರೆ. ಐವತ್ತು ವರ್ಷದ ಸಿಗರೇಟಿನ ದಾಸನಿಗೆ ಹೊಸ್ತಿಲೂ ಲಾಭವೇ ಎಂದು ನನ್ನ ಎಣಿಕೆ. ಎಂದೂ ಸೇದದ ಹದಿನೆಂಟರ ಹುಡುಗನಿಗೆ ಅದೇ ಬಾಗಿಲು ಒಳಗೆ ಹೋಗುವ ದಾರಿ. 2019ರಲ್ಲಿ ಅಮೆರಿಕದ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಶೇ. 27.5ರಷ್ಟು ಮಂದಿ ಇ-ಸಿಗರೇಟು ಸೇದುತ್ತಿದ್ದರು.

ನಮ್ಮಲ್ಲಿ ಈ ತೂಕಮಾಪನಕ್ಕೆ ಕಾನೂನು ಅವಕಾಶ ಕೊಟ್ಟಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟಿನ ಮಾರಾಟ ತಡೆಯಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟರೂ ಆರು ತಿಂಗಳವರೆಗೆ ಶಿಕ್ಷೆಯುಂಟು. ಬೀಡಿ, ಸಿಗರೇಟು, ಗುಂಡಿ ಕೊರೆದ ಹಲ್ಲಿಗೆ ಕಡ್ಡಿಪುಡಿ ಮೂಲೆ ಮೂಲೆಯ ಗೂಡಂಗಡಿಯಲ್ಲಿ ಸಿಗುವಾಗ ಇದೊಂದನ್ನೇ ಮುಚ್ಚಿದ್ದು ವಿಚಿತ್ರವಾಗಿ ಕಾಣುತ್ತದೆ, ಆ ಟೀಕೆಯಲ್ಲಿ ಹುರುಳಿದೆ. ಆದರೆ ಚಟವಿಲ್ಲದ ಹೊಸ ತಲೆಮಾರಿಗೆ ಹೊಸ ಚಟ ಬೇಡ ಎಂಬ ಸರ್ಕಾರದ ವಾದವನ್ನೂ ತಳ್ಳಿಹಾಕುವಂತಿಲ್ಲ. ಪರಿಣಾಮವಂತೂ ಇಷ್ಟು: ಯೂರೋಪಿನ ಗ್ರಾಹಕನಿಗೆ ಬಾಟಲಿಯ ಚೀಟಿ ಹೇಳುವುದು ಕಾನೂನಿನ ಮಾತು, ಇಲ್ಲಿ ಕದ್ದು ಕೊಂಡವನಿಗೆ ಆ ಚೀಟಿ ಬರಿಯ ಚಿತ್ರ. ಡಬ್ಬಿಯಲ್ಲಿ ಏನಿದೆಯೆಂದು ಹೇಳುವವರೇ ಇಲ್ಲದ ಯಂತ್ರವನ್ನು ದಿನಾ ಬಾಯಿಗಿಡುವುದು ಹೇಗೆ?

ರಜೆಗೆ ಬಂದ ಮಗನ ಯಂತ್ರವನ್ನು ಕಂಡು ಮನಸ್ಸು ಅತ್ತಿತ್ತ ಆಗುತ್ತಿರುವವರಿಗೆ ಕಾನೂನಿಗೆ ಒಪ್ಪಿತವಾದ ದಾರಿಗಳಿವೆ. 2 ಮಿಲಿಗ್ರಾಂನ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎಲ್ಲ ತಂಬಾಕು ಪೊಟ್ಟಣಗಳ ಮೇಲೆ ಅಚ್ಚಾಗಿರುವ 1800-11-2356 ಎಂಬ ಸಂಖ್ಯೆಗೆ ಕರೆ ಮಾಡಿದರೆ ಖರ್ಚಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಸಲಹಾಕೇಂದ್ರವೂ ಆ ಜಾಲದಲ್ಲಿದೆ. ಅಲ್ಲಿ ಮಾತಾಡುವವರಿಗೆ ಕನ್ನಡ ಬರುತ್ತದೆ.