ಕಣ ಭೌತವಿಜ್ಞಾನ ಕಲಿಯಲು ಮೇಧಾವಿಯೇ ಆಗಿರಬೇಕೇ?

ಹಿಗ್ಸ್ ಬೋಸಾನ್ ಬಗ್ಗೆ ಒಂದು ವಿಡಿಯೋ ನೋಡಿ ಆಸಕ್ತಿ ಹುಟ್ಟುತ್ತದೆ. ಕಾಲೇಜಿನ ಲೈಬ್ರರಿಯಲ್ಲಿ ಆ ವಿಷಯದ ಪಠ್ಯಪುಸ್ತಕ ತೆರೆದರೆ ಮೊದಲ ಅಧ್ಯಾಯದಲ್ಲೇ ಅರ್ಥವಾಗದ ಸಮೀಕರಣಗಳು. "ಇದು ನಮ್ಮಂಥವರಿಗಲ್ಲ" ಎಂದು ಪುಸ್ತಕ ಮುಚ್ಚುವವರು ಅನೇಕರು. ಬಿ.ಎಸ್ಸಿ. ನಂತರ ಏನು ಓದಬೇಕು ಎಂಬ ನಿರ್ಧಾರವೂ ಎಷ್ಟೋ ಬಾರಿ ಅಲ್ಲೇ ಆಗಿಬಿಡುತ್ತದೆ. ಈ ಅಂಜಿಕೆಯಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಏನಿದು ಕಣ ಭೌತವಿಜ್ಞಾನ?

ವಸ್ತುವನ್ನು ಒಡೆಯುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಸದ್ಯ ನಮ್ಮಲ್ಲಿರುವ ಉತ್ತರಕ್ಕೆ ಸ್ಟ್ಯಾಂಡರ್ಡ್ ಮಾಡೆಲ್ ಎಂದು ಹೆಸರು. ಅದರಲ್ಲಿ 6 ಕ್ವಾರ್ಕ್‌ಗಳು, 6 ಲೆಪ್ಟಾನ್‌ಗಳು, ಬಲಗಳನ್ನು ಸಾಗಿಸುವ ಫೋಟಾನ್, ಗ್ಲುವಾನ್, ಡಬ್ಲ್ಯು ಮತ್ತು ಝಡ್ ಕಣಗಳು, ಜೊತೆಗೆ ಹಿಗ್ಸ್ ಇವೆ. ಹಿಗ್ಸ್ ಸಿಕ್ಕಿದೆ ಎಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಘೋಷಿಸಿದ್ದು 2012ರ ಜುಲೈ 4ರಂದು. ಗುರುತ್ವಾಕರ್ಷಣೆ ಈ ಮಾದರಿಯೊಳಗೆ ಇನ್ನೂ ಸೇರಿಲ್ಲ.

ಕಲಿಕೆಯ ಮೆಟ್ಟಿಲುಗಳು ಯಾವುವು?

ಪುಸ್ತಕ ಅರ್ಥವಾಗದಿರಲು ಮುಖ್ಯ ಕಾರಣ, ನಾವು ಮೂರನೇ ಮಹಡಿಯಿಂದ ಹತ್ತಲು ಹೊರಟಿರುವುದು. ಕ್ರಮ ಹೀಗಿದೆ:

1. ಬಿ.ಎಸ್ಸಿ. ಮೊದಲ ವರ್ಷಗಳಲ್ಲಿ ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಯಂತ್ರಶಾಸ್ತ್ರ, ವಿದ್ಯುತ್ಕಾಂತತೆ.
2. ನಂತರ ವಿಶೇಷ ಸಾಪೇಕ್ಷತಾ ಸಿದ್ಧಾಂತ ಮತ್ತು ಕ್ವಾಂಟಮ್ ಮೆಕ್ಯಾನಿಕ್ಸ್. ಹೆಚ್ಚು ಸಮಯ ಬೇಡುವುದು ಈ ಹಂತವೇ.
3. ಎಂ.ಎಸ್ಸಿ.ಯಲ್ಲಿ ಸಂರಕ್ಷಣಾ ನಿಯಮಗಳು, ಕಣಗಳ ವರ್ಗೀಕರಣ, ಫೈನ್‌ಮನ್ ಚಿತ್ರಗಳು. ಡೇವಿಡ್ ಗ್ರಿಫಿತ್ಸ್ ಅವರ ಪಠ್ಯಪುಸ್ತಕ ಈ ಹಂತಕ್ಕೆ ಸರಿಹೊಂದುತ್ತದೆ.
4. ಕೊನೆಗೆ ಕ್ವಾಂಟಮ್ ಕ್ಷೇತ್ರ ಸಿದ್ಧಾಂತ. ಇದು ಎಂ.ಎಸ್ಸಿ. ಕೊನೆಯಲ್ಲಿ ಅಥವಾ ಪಿಎಚ್.ಡಿ.ಯ ಆರಂಭದಲ್ಲಿ ಬರುತ್ತದೆ.

ಒಂದು ಮೆಟ್ಟಿಲು ಬಿಟ್ಟರೆ ಮುಂದಿನದು ಮಂತ್ರದಂತೆ ಕಾಣುತ್ತದೆ. ಓದಿದರಷ್ಟೇ ಸಾಲದು, ಲೆಕ್ಕ ಮಾಡಬೇಕು.

ಲೆಕ್ಕ ಯಾಕೆ ಬೇಕು?

ಮ್ಯೂಆನ್ ಎಂಬ ಕಣವನ್ನೇ ನೋಡಿ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಸುಮಾರು 15 ಕಿ.ಮೀ. ಎತ್ತರದಲ್ಲಿ ಇವು ಹುಟ್ಟುತ್ತವೆ. ಸರಾಸರಿ ಆಯಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ ಮಾತ್ರ. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ ಸುಮಾರು 660 ಮೀಟರ್ ದಾಟಬಹುದು ಅಷ್ಟೇ. ಆದರೂ ಅವು ನೆಲ ಮುಟ್ಟುತ್ತವೆ! ವೇಗವಾಗಿ ಚಲಿಸುವ ಕಣದ ಕಾಲ ನಮ್ಮ ಗಡಿಯಾರದ ಲೆಕ್ಕದಲ್ಲಿ ನಿಧಾನವಾಗುತ್ತದೆ ಎಂಬ ಸಾಪೇಕ್ಷತೆಯ ಸೂತ್ರ ಹಾಕಿದಾಗ ಲೆಕ್ಕ ಸರಿಹೋಗುತ್ತದೆ.

ಈ ಆಯಸ್ಸನ್ನು ವಿದ್ಯಾರ್ಥಿಗಳೇ ಪ್ರಯೋಗಾಲಯದಲ್ಲಿ ಅಳೆಯಬಹುದು. ಸಿಂಟಿಲೇಟರ್ ಎಂಬ ವಸ್ತುವಿನಲ್ಲಿ ಮ್ಯೂಆನ್ ನಿಂತಾಗ ಒಂದು ಮಿಂಚು, ಅದು ಕ್ಷಯಿಸಿದಾಗ ಇನ್ನೊಂದು. ಎರಡರ ನಡುವಿನ ಸಮಯವನ್ನು ಸಾವಿರಾರು ಬಾರಿ ದಾಖಲಿಸಿ ಗ್ರಾಫ್ ಎಳೆದರೆ ಆಯಸ್ಸು ಸಿಗುತ್ತದೆ.

ಕೆಲವು ತಪ್ಪು ಕಲ್ಪನೆಗಳು

"ಒಬ್ಬ ಮೇಧಾವಿ ಎಲ್ಲವನ್ನೂ ಕಂಡುಹಿಡಿಯುತ್ತಾನೆ." ಹಿಗ್ಸ್‌ನ ದ್ರವ್ಯರಾಶಿ ಕುರಿತು 2015ರಲ್ಲಿ ಪ್ರಕಟವಾದ ಪ್ರಬಂಧಕ್ಕೆ 5,154 ಲೇಖಕರು! ಇಂಥ ಕೆಲಸಕ್ಕೆ ಸಂವೇದಕ ಕಟ್ಟುವವರು, ಪ್ರೋಗ್ರಾಂ ಬರೆಯುವವರು, ಅಂಕಿಅಂಶ ಬಲ್ಲವರು ಎಲ್ಲರೂ ಬೇಕು.

"ಫೈನ್‌ಮನ್ ಚಿತ್ರದಲ್ಲಿರುವ ಗೆರೆಗಳು ಕಣಗಳು ಓಡಿದ ದಾರಿ." ಅಲ್ಲ. ಪ್ರತಿ ಚಿತ್ರವೂ ಉದ್ದನೆಯ ಲೆಕ್ಕದ ಒಂದೊಂದು ಪದದ ಗುರುತು.

"ಇದೆಲ್ಲ ವಿದೇಶದಲ್ಲಿ ಮಾತ್ರ." 1965ರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತ್ತು. ಮೇಲಿನ ಬಂಡೆ ಮ್ಯೂಆನ್‌ಗಳ ಗದ್ದಲವನ್ನು ತಡೆದದ್ದರಿಂದ ಅದು ಸಾಧ್ಯವಾಯಿತು. ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕ್ಷೇತ್ರದ ಸಂಶೋಧನೆ ನಡೆಯುತ್ತಿದೆ.

ಹಾಗಾದರೆ ಎಲ್ಲಿಂದ ಶುರು?

ಗಣಿತದ ಬುನಾದಿ ಗಟ್ಟಿ ಮಾಡಿಕೊಳ್ಳಿ, ಪೈಥಾನ್‌ನಂಥ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಸರ್ನ್ ತನ್ನ ಪ್ರಯೋಗಗಳ ದತ್ತಾಂಶದ ಒಂದು ಭಾಗವನ್ನು 2014ರಿಂದ ಉಚಿತವಾಗಿ ತೆರೆದಿಟ್ಟಿದೆ, ಅದರಲ್ಲಿ ಕೈಯಾಡಿಸಿ. ಎಂ.ಎಸ್ಸಿ.ಗೆ ಐಐಟಿ ಜ್ಯಾಮ್, ಪಿಎಚ್.ಡಿ.ಗೆ ಜೆಸ್ಟ್ ಪರೀಕ್ಷೆಗಳಿವೆ.

ಒಂದು ಮಾತು ಮರೆಮಾಚುವಂತಿಲ್ಲ: ಸಂಶೋಧಕರಿಗೆ ಕಾಯಂ ಹುದ್ದೆಗಳು ಕಡಿಮೆ, ಕಾಯುವ ವರ್ಷಗಳು ಹೆಚ್ಚು. ಅದನ್ನು ತೂಗಿ ನೋಡಿ ಬೇರೆ ದಾರಿ ಹಿಡಿದರೆ ತಪ್ಪೇನಿಲ್ಲ. ಆದರೆ ಮೊದಲ ಪುಟ ಅರ್ಥವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಆ ಪುಟಕ್ಕೆ ಮುಂಚೆ ಓದಬೇಕಾದ ಪುಸ್ತಕಗಳಿವೆ, ಅಷ್ಟೇ.