ವರ್ಚುವಲ್ ತರಗತಿ: ಕಾಲೇಜು ಅಧ್ಯಾಪಕರ ಡಿಜಿಟಲ್ ಕೌಶಲ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಾಲೇಜು ಅಧ್ಯಾಪಕರಿಗೂ ಆನ್‌ಲೈನ್ ಪಾಠ ಅನಿವಾರ್ಯವಾದದ್ದು 2020ರ ಮಾರ್ಚ್ 25ರ ಲಾಕ್‌ಡೌನ್‌ನಿಂದ. ಕೇಂದ್ರದ ಆನ್‌ಲೈನ್ ಕೋರ್ಸ್ ವೇದಿಕೆ ‘ಸ್ವಯಂ’ 2017ರಿಂದಲೇ ಇತ್ತು. ರಾಜ್ಯದ ಸರ್ಕಾರಿ ಕಾಲೇಜುಗಳಿಗೆ ‘ಕರ್ನಾಟಕ ಎಲ್‌ಎಂಎಸ್’ (ಕಲಿಕಾ ನಿರ್ವಹಣಾ ವ್ಯವಸ್ಥೆ) ಬಂದದ್ದು 2021ರಲ್ಲಿ.

ಮೀಟಿಂಗ್ ಲಿಂಕ್ ಕಳಿಸುವುದು, ಸ್ಕ್ರೀನ್ ಹಂಚುವುದು, ಮೈಕ್ ಮ್ಯೂಟ್ ಮಾಡಿಸುವುದು ಬೇಗ ಕೈಗೂಡುವ ಕೆಲಸಗಳು. ನಿಜವಾದ ತೊಡಕು ಕನ್ನಡ ನೋಟ್ಸ್‌ನದು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ ವರ್ಡ್ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ, ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಅಕ್ಷರಗಳ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವೇ ಫಾಂಟ್ ಅಡಕವಾದ ಪಿಡಿಎಫ್ ಮಾಡಬೇಕು; ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಾಡಿಸಿ ತಿದ್ದಲೇಬೇಕು. ಅಧ್ಯಾಪಕರ ತರಬೇತಿಯಲ್ಲಿ ಮೊದಲು ಹೇಳಿಕೊಡಬೇಕಾದದ್ದು ಇದನ್ನೇ.

ನೆಟ್‌ವರ್ಕ್ ದುರ್ಬಲವಾದ ಹಳ್ಳಿಗಳ ವಿದ್ಯಾರ್ಥಿಗಳಿಗೆ ಗಂಟೆಗಟ್ಟಲೆ ನೇರಪ್ರಸಾರಕ್ಕಿಂತ ಹತ್ತು ನಿಮಿಷದ ಆಡಿಯೊ ತುಣುಕು ಹೆಚ್ಚು ಉಪಯುಕ್ತ. ಲಾಗಿನ್ ಆದವರೆಲ್ಲ ಪಾಠ ಕೇಳುತ್ತಿದ್ದಾರೆಂಬ ಖಾತರಿಯೂ ಇಲ್ಲ. ನಡುನಡುವೆ ಗೂಗಲ್ ಫಾರ್ಮ್‌ನಲ್ಲಿ ಎರಡು ಪ್ರಶ್ನೆ ಕೇಳಿದರೆ ಹಾಜರಾತಿಯ ಜತೆಗೆ ಗ್ರಹಿಕೆಯೂ ತಿಳಿಯುತ್ತದೆ.